ನೆಲದ ಮೇಲಿನ ಗಾಲಿ

ಲಾರಿಯ ಹಿಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿ, ಇಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ, ಎತ್ತಿದ ಗಾಲಿ ಗಾಳಿಯಲ್ಲಿ ಸುತ್ತುತ್ತದೆ, ಲಾರಿ ನಿಂತಲ್ಲೇ ಇರುತ್ತದೆ. ಹುಣಸೂರಿನ ನಮ್ಮ ಗ್ಯಾರೇಜಿನಲ್ಲಿ ಹದಿನಾರು ವರ್ಷ ನಾವು ಹೀಗೇ ಪರೀಕ್ಷೆ ಮಾಡಿದೆವು. ನಾನು ಸೀಟಿನಲ್ಲಿ ಕೂತು ಕ್ಲಚ್ ಬಿಡುತ್ತಿದ್ದೆ. ಅಣ್ಣ ಲಾರಿಯ ಅಡಿಗೆ ತೂರಿ ಮಲಗಿ, ಆಕ್ಸಲ್ ನಡುವೆ ಮಡಕೆಯ ಹಾಗೆ ಉಬ್ಬಿರುವ ಡಿಫರೆನ್ಷಿಯಲ್‌ಗೆ ಒಂದು ಕೋಲು ಒತ್ತಿ, ಅದರ ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದ. ಒಳಗೆ ಯಾವ ಹಲ್ಲು ಸವೆದಿದೆ, ಯಾವ ಬೇರಿಂಗ್ ಹೋಗಿದೆ ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಬೇರೆ ಗ್ಯಾರೇಜಿನವರು ಎಲ್ಲ ಬಿಚ್ಚಿ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಅಣ್ಣನ ಕಿವಿಯ ಬಗ್ಗೆ ನನಗೆ ಜಂಬವಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಎಚ್.ಡಿ. ಕೋಟೆ ಕಡೆಯವರೊಬ್ಬರು ಹಳೆಯ ಮಿಲಿಟರಿ ಲಾರಿಯೊಂದನ್ನು ತಂದರು. ಹರಾಜಿನಲ್ಲಿ ಹಿಡಿದದ್ದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ ಅದರಲ್ಲಿ ಸೌದೆ ಹೊಡೆಸುತ್ತಿದ್ದರು.

"ತ್ಯಾವ ಇರೋ ಕಡೆ ಒಂದೇ ಗಾಲಿ ಗಿರ್ರನೆ ತಿರುಗ್ತದೆ ಕಣಪ್ಪ. ಲಾರಿ ಅಲ್ಲೇ ಕೂತ್ಕತದೆ. ಮೊದ್ಲು ಇಂಗಿರ್ನಿಲ್ಲ" ಎಂದರು.

ನಮ್ಮ ಕಡೆಯ ಲಾರಿಗಳೆಲ್ಲ ಹಾಗೇ. ಒಂದು ಗಾಲಿ ಕೆಸರಿಗೆ ಬಿದ್ದರೆ ಅದೊಂದೇ ಸುತ್ತುತ್ತದೆ, ಗಟ್ಟಿ ನೆಲದಲ್ಲಿರುವುದು ಮೈಗಳ್ಳನ ಹಾಗೆ ಸುಮ್ಮನಿರುತ್ತದೆ. ಆದರೆ ಇದರ ಡಿಫರೆನ್ಷಿಯಲ್ ಬೇರೆ ಜಾತಿಯದು. ಒಳಗೆ ಒಂದರ ಮೇಲೊಂದು ಜೋಡಿಸಿದ ತೆಳು ಪ್ಲೇಟುಗಳಿದ್ದವು. ಅವು ಒಂದನ್ನೊಂದು ಒತ್ತಿ ಹಿಡಿದು, ಒಂದು ಗಾಲಿ ಜಾರಿದರೂ ಇನ್ನೊಂದು ಎಳೆಯುವಂತೆ ಮಾಡಬೇಕು. ಅಣ್ಣ ಎಂದಿನಂತೆ ಒಂದು ಗಾಲಿ ಎತ್ತಿಸಿ, ಗೇರ್ ಹಾಕಿಸಿ ನೋಡಿದ. ಎತ್ತಿದ ಗಾಲಿ ಸುತ್ತಿತು, ಲಾರಿ ಕದಲಲಿಲ್ಲ.

"ಪ್ಲೇಟೆಲ್ಲ ಸವ್ದೋಗವೆ ಕಣ್ಲಾ" ಎಂದ.

ಬಿಚ್ಚಿದಾಗ ಹಾಗೇ ಇತ್ತು. ಎಣ್ಣೆ ಕರ್ರಗಾಗಿ ಸೀದ ವಾಸನೆ ಹೊಡೆಯುತ್ತಿತ್ತು. ಒರಟಾಗಿರಬೇಕಾದ ಪ್ಲೇಟುಗಳು ಕನ್ನಡಿಯಾಗಿದ್ದವು. ಮೈಸೂರಿನ ಗುಜರಿ ಅಂಗಡಿಗಳಲ್ಲಿ ಎರಡು ದಿನ ಅಲೆದು ಅದೇ ಅಳತೆಯ ಪ್ಲೇಟು ತಂದೆ. ಅಣ್ಣ ಅವನ್ನು ಎಣ್ಣೆಯಲ್ಲಿ ನೆನೆಸಿಟ್ಟ. ಜೋಡಿಸಿದವನು ನಾನು. ಎಲ್ಲ ಮುಚ್ಚಿ, ಹೊಸ ಎಣ್ಣೆ ತುಂಬಿ, ಮತ್ತೆ ಒಂದು ಗಾಲಿ ಎತ್ತಿ ಕೈಯಲ್ಲಿ ತಿರುಗಿಸಲು ನೋಡಿದೆವು. ಮೊದಲು ಸಲೀಸಾಗಿ ತಿರುಗುತ್ತಿದ್ದ ಗಾಲಿ ಈಗ ಇಬ್ಬರೂ ಜೋತುಬಿದ್ದರೂ ಅಲ್ಲಾಡಲಿಲ್ಲ.

"ಈಗ ಕಚ್ಕಂಡದೆ ನೋಡು" ಎಂದು ಅಣ್ಣ ನಕ್ಕ. "ಒಂದ್ಸಲ ಸದ್ದು ಕೇಳ್ಬುಡ್ತೀನಿ. ಅತ್ತು, ಗೇರಾಕು."

ಗಾಲಿಗೆ ಅಡ್ಡಗಲ್ಲು ಇಡುವ ಅಭ್ಯಾಸ ನಮಗಿರಲಿಲ್ಲ. ಒಂದು ಗಾಲಿ ಎತ್ತಿದ ಲಾರಿ ಯಾವತ್ತೂ ಮುಂದೆ ಹೋದದ್ದಿಲ್ಲ. ನಾನು ಹತ್ತಿ ಕೂತೆ. ಅಣ್ಣ ಅಡಿಗೆ ಹೋದ. ಇಂಜಿನ್ ಚಾಲೂ ಮಾಡಿ, ಕ್ಲಚ್ ಒತ್ತಿ, ಗೇರ್ ಹಾಕಿದೆ. ಆಗ ನನಗೆ ಹೊಳೆಯಿತು. ಎರಡು ಗಾಲಿಯೂ ಈಗ ಒಟ್ಟಿಗೆ ಸುತ್ತುತ್ತವಲ್ಲ, ನೆಲದ ಮೇಲಿರುವುದು ಸುಮ್ಮನಿರುತ್ತದೆಯೇ? ಕೂಗಿ ಕೇಳುವುದಕ್ಕೆ ಬೇಕಾದಷ್ಟು ಸಮಯವಿತ್ತು. ಆದರೆ ಅಣ್ಣನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು, ಕೇಳಿದರೆ ನಗುತ್ತಾನೆ ಎಂದು ಸುಮ್ಮನಾದೆ.

"ಬುಡ್ಲಾ" ಎಂದು ಕೆಳಗಿನಿಂದ ಕೂಗಿದ. ಬಿಟ್ಟೆ.

ಲಾರಿ ಜಾಕಿಯಿಂದ ಹಾರಿ ಮುಂದಕ್ಕೆ ಹೋಯಿತು. ಹೋದದ್ದು ಎರಡು ಮಾರು ಅಷ್ಟೇ. ಅಣ್ಣನನ್ನು ವ್ಯಾನಿನಲ್ಲಿ ಹಾಕಿಕೊಂಡು ಮೈಸೂರಿಗೆ ಹೊರಟೆವು. ಬಿಳಿಕೆರೆ ದಾಟುವ ಮೊದಲೇ ಜೀವ ಹೋಯಿತು.

ಅವತ್ತು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಅತ್ತಿಗೆ ಗ್ಯಾರೇಜಿಗೆ ಬಂದು, ಅಲ್ಲಿ ನಿಂತಿರುವ ಗಾಡಿಗಳಿಗೆಲ್ಲ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಊದುಕಡ್ಡಿ ಹಚ್ಚಿದ ಮೇಲೆಯೇ ಅಣ್ಣ ಸ್ಪ್ಯಾನರ್ ಮುಟ್ಟುತ್ತಿದ್ದದ್ದು. ಆ ದಿನ ಅವರು ಮಿರ್ಲೆಯ ತವರಿನಲ್ಲಿದ್ದರು. ಬೆಳಗಿನ ಬಸ್ಸು ತಪ್ಪಿ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನವರು ತಲೆಗೊಂದು ಹೇಳಿದರು. ಯುದ್ಧಕ್ಕೆ ಹೋಗಿ ಬಂದ ಲಾರಿ, ಯಾರ ದೆವ್ವ ಹಿಡಿದುಕೊಂಡಿತ್ತೋ, ಗೇರ್ ತಾನಾಗಿ ಬಿತ್ತಂತೆ ಎಂದರು. ನಾನು ಬಾಯಿ ಬಿಡಲಿಲ್ಲ. ದೆವ್ವ ಬಂದು, ಕ್ಲಚ್ ಬಿಟ್ಟ ನನ್ನ ಕಾಲನ್ನು ದೂರಿನಿಂದ ಉಳಿಸಿತ್ತು. ಆ ದೆವ್ವದ ಬೆನ್ನ ಹಿಂದೆ ಅವಿತು ಕೂತೆ.

ಮೂರು ತಿಂಗಳಾದ ಮೇಲೆ ಲಾರಿಯವರು ಬಂದು ಬಾಗಿಲಲ್ಲಿ ನಿಂತರು. "ಏಳ್ಬಾರ್ದು, ಆದ್ರೂ ಏಳ್ತೀನಿ. ಎಂಥಾ ಕೆಸರಾದ್ರೂ ಎರಡೂ ಗಾಲಿ ಒಟ್ಗೆ ಎಳೀತವೆ. ಕೆಲಸ ಚೆನ್ನಾಗಾಗದೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರನ್ನು ಹೊಡೆಯಬೇಕೆನಿಸಿತು. ಆ ಲಾರಿ ಆಗಾಗ ನಮ್ಮ ರಸ್ತೆಯಲ್ಲಿ ಹೋಗುತ್ತಿತ್ತು. ಪಿರಿಯಾಪಟ್ಟಣದ ಕಡೆಗೆ ತಿರುಗುವಾಗ ಆ ಪ್ಲೇಟುಗಳು ಹಿಡಿದು ಬಿಟ್ಟು ಗೊರಗೊರ ಎನ್ನುವುದು ನನಗೆ ಒಳಗಿದ್ದರೂ ಕೇಳುತ್ತಿತ್ತು. ಅದನ್ನು ಗುಜರಿಗೆ ಹಾಕಿದರು ಎಂದು ಗೊತ್ತಾದ ಮೇಲೂ ಕೇಳುತ್ತಿತ್ತು. ಊಟದ ನಡುವೆ ಎದ್ದು ಹೋಗಿ ರಸ್ತೆ ನೋಡುತ್ತಿದ್ದೆ. ರಸ್ತೆ ಖಾಲಿ ಇರುತ್ತಿತ್ತು.

ನಾವು ಒಂದೇ ಮನೆಯಲ್ಲಿದ್ದೆವು. ಅತ್ತಿಗೆ ಅಮಾವಾಸ್ಯೆಗೆ ಉಪವಾಸ ಹಿಡಿದರು. ನೀರು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಒಂದು ಅಮಾವಾಸ್ಯೆಯ ದಿನ ಒಲೆಯ ಮುಂದೆಯೇ ಬಿದ್ದರು. ಮಾತ್ರೆ ನುಂಗಿಕೊಂಡು ಹೊಟ್ಟೆ ಖಾಲಿ ಬಿಟ್ಟರೆ ಒಂದು ದಿನ ಏಳುವುದಿಲ್ಲ ಎಂದು ಡಾಕ್ಟರು ನನ್ನನ್ನು ಗದರಿಸಿದರು.

ಮುಂದಿನ ಅಮಾವಾಸ್ಯೆಗೆ ಮತ್ತೆ ಬರೀ ನೀರು ಕುಡಿದರು. ಮಧ್ಯಾಹ್ನ ನನಗೆ ಮುದ್ದೆ ಬಡಿಸಿ ಗೋಡೆಗೊರಗಿ ಕೂತರು. ಉಣ್ಣಿ ಅತ್ತಿಗೆ ಎಂದು ಕೈ ಮುಗಿದೆ.

"ಓದ್ರೆ ಓಗ್ಲಿ ಬುಡಪ್ಪ. ಅವತ್ತು ಒತ್ಗೆ ಬಂದು ಒಂದು ನಿಂಬೆಅಣ್ಣು ಕಟ್ಟಿದ್ರೆ ಅವರು ಇರೋರು."

ಹೇಳಿದೆ. ಪ್ಲೇಟು, ಜಾಕಿ, ಇಡದೇ ಹೋದ ಕಲ್ಲು, ಎಲ್ಲವನ್ನೂ.

"ಲಾರಿ ಮುಂದಕ್ಕೋಯ್ತದೆ ಅಂತ ನಿಂಗೆ ಗೊತ್ತಿತ್ತಾ?" ಎಂದು ಅತ್ತಿಗೆ ಕೇಳಿದರು.

"ಅನುಮಾನ ಬಂದಿತ್ತು ಅತ್ತಿಗೆ. ಕೇಳ್ಬೋದಿತ್ತು. ಕೇಳ್ಲಿಲ್ಲ."

ಅವರು ಎದ್ದು ತಟ್ಟೆ ತೆಗೆದುಕೊಂಡರು. ಮುದ್ದೆ ಇಟ್ಟುಕೊಂಡು, ಸಾರು ಬಿಟ್ಟುಕೊಂಡು, ನನ್ನ ಕಡೆ ನೋಡದೆ ಉಂಡರು. ಎರಡನೇ ಸಲವೂ ಬಡಿಸಿಕೊಂಡರು. ಕೈ ತೊಳೆದು ಬಂದು ಬಾಗಿಲ ಹತ್ತಿರ ನಿಂತರು.

"ಒಂಬತ್ತು ವರ್ಷ ಅಮಾಸೆ ಅಮಾಸೆಗೂ ನಾನು ಅಸ್ಕಂಡು ನಿಂಗೆ ಬಡಿಸ್ತಿದ್ದೆ" ಎಂದರು. "ಎದುರ್ಗೆ ಕೂತ್ಕಂಡು ಎಂಗಪ್ಪ ಉಂಡೆ?"