ಬಿಚ್ಚದ ಸಿಲಿಂಡರ್

ಸಿಲಿಂಡರ್ ಓಪನ್ ಆಗ್ತಿಲ್ಲ ಎಂದು ರಾಜೀವ್ ಫೋನ್ ಮಾಡಿದಾಗ, ರೆಗ್ಯುಲೇಟರ್ ಸರಿಯಾಗಿ ತಿರುಗಿಸಿ ನೋಡಿ ಎಂದುಬಿಟ್ಟ ಬೆಳ್ಳಿಯಪ್ಪ. ಅವನಾದರೂ ಏನು ಮಾಡಬೇಕು? ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿರುವ ಅವನ ಅಂಗಡಿಗೆ ಈಗ ಬರುವುದೆಲ್ಲ ಗ್ಯಾಸ್ ಒಲೆ, ಔಷಧಿ ಹೊಡೆಯುವ ಪಂಪು, ಮುರಿದ ಕೊಡೆ. 'ಕೋವಿ ರಿಪೇರಿ' ಎಂಬ ಬೋರ್ಡಿನಲ್ಲಿ ರಿಪೇರಿ ಮಾತ್ರ ಉಳಿದು, ಕೋವಿ ಅಳಿಸಿಹೋಗಿದೆ.

ಗ್ಯಾಸ್ ಅಲ್ಲ, ಅಪ್ಪನ ರಿವಾಲ್ವರು ಎಂದ ರಾಜೀವ್. ಬೆಳ್ಳಿಯಪ್ಪನ ಬಾಯಿ ಕಹಿಯಾಯಿತು.

ಆ ರಿವಾಲ್ವರು ಅವನ ಬದುಕನ್ನು ಮೂರಾಬಟ್ಟೆ ಮಾಡಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಗೋಣಿಬೀಡಿನ ಕಡೆ ರಾಜೀವನ ಅಪ್ಪ ರಂಗನಾಥರ ಎಸ್ಟೇಟು. ಅವರ ಕಾಫಿ ಕಣಕ್ಕೆ ಒಂದು ದಿನ ಹುಚ್ಚುನಾಯಿ ನುಗ್ಗಿತು. ರಂಗನಾಥರು ಗುಂಡು ತುಂಬಲು ನೋಡಿದರೆ ಸಿಲಿಂಡರ್ ತೆರೆದುಕೊಳ್ಳಲೇ ಇಲ್ಲ. ಅಷ್ಟರಲ್ಲಿ ನಾಯಿ ಮೇಸ್ತ್ರಿ ಮಾರಯ್ಯನ ಮೀನಖಂಡ ಹರಿದಿತ್ತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡು ಮಾರಯ್ಯ ಉಳಿದ, ಕುಂಟು ಮಾತ್ರ ಹೋಗಲಿಲ್ಲ. ಬೆಳ್ಳಿಯಪ್ಪನ ಹೆಸರು ಉಳಿಯಲಿಲ್ಲ. ಆ ರಿವಾಲ್ವರನ್ನು ಅವನು ಸರ್ವಿಸ್ ಮಾಡಿ ಕೊಟ್ಟು ಇನ್ನೂ ವಾರವಾಗಿರಲಿಲ್ಲ. ಬೆಳ್ಳಿಯಪ್ಪನ ಕೈಗೆ ಕೊಟ್ಟರೆ ಕೋವಿ ದೊಣ್ಣೆಯಾಗಿ ಬರುತ್ತದೆ ಎಂದು ರಂಗನಾಥರು ಹೋದಲ್ಲೆಲ್ಲ ಹೇಳಿದರು. ಪ್ಲಾಂಟರುಗಳ ಕೋವಿಗಳೆಲ್ಲ ಚಿಕ್ಕಮಗಳೂರಿನ ದಾರಿ ಹಿಡಿದವು. ಹೆಂಡತಿ ಪಾಪಮ್ಮ ಸಾಯುವ ತನಕ ಕಂಡವರ ತೋಟದಲ್ಲಿ ಕಾಫಿ ಕುಯ್ದಳು.

ನನ್ನ ಕೆಲಸ ಚೊಕ್ಕವಾಗಿತ್ತು, ಅವರೇ ಎಲ್ಲೋ ಬೀಳಿಸಿದ್ದಾರೆ ಎಂದು ಬೆಳ್ಳಿಯಪ್ಪ ಅಂದಿನಿಂದ ಹೇಳುತ್ತಲೇ ಬಂದಿದ್ದ. ತಪ್ಪು ನನ್ನದು ಎಂದು ರಂಗನಾಥರ ಬಾಯಿಂದ ಒಮ್ಮೆ ಕೇಳಿದರೆ ಸಾಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಈಗ ಚುನಾವಣೆ. ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ತೆರೆದು ಖಾಲಿ ತೋರಿಸದೆ ರಿವಾಲ್ವರು ತೆಗೆದುಕೊಳ್ಳುವುದಿಲ್ಲ ಎಂದು ಠಾಣೆಯಲ್ಲಿ ವಾಪಸ್ ಕಳಿಸಿದ್ದರು. ಗಡುವು ಅಂದೇ ಮುಗಿಯುತ್ತಿತ್ತು, ಚಿಕ್ಕಮಗಳೂರಿಗೆ ಹೋಗಿ ಬರಲು ಹೊತ್ತಿರಲಿಲ್ಲ. ರಾಜೀವ್ ಅದನ್ನು ಅಂಗಡಿಯಲ್ಲಿಟ್ಟು, ಮಧ್ಯಾಹ್ನ ಬರ್ತೀನಿ ಎಂದು ಹೋದ. ಇವತ್ತು ಇದರ ಹೊಟ್ಟೆ ಬಗೆದು, ತಪ್ಪು ಯಾರದೆಂದು ಇವರ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡ ಬೆಳ್ಳಿಯಪ್ಪ.

ಸೀಮೆಎಣ್ಣೆ ಬಿಟ್ಟು ಕಾದ. ಚಿಕ್ಕಮಗಳೂರಿನ ರಿಪೇರಿಯವರು ಇಷ್ಟು ವರ್ಷ ಅದು ಕಚ್ಚಿಕೊಂಡಾಗಲೆಲ್ಲ ಬಡಿದು ತೆರೆದು ಕೊಟ್ಟವರೇ ಹೊರತು, ಖಾಲಿ ತೋಟಾ ಹೊರತಳ್ಳುವ ನಡುವಿನ ಸರಳು ಬಿಚ್ಚಿ ನೋಡಿದವರಲ್ಲ. ಇವನು ಬಿಚ್ಚಿದ. ಸರಳಿನ ತುದಿಯ ನಕ್ಷತ್ರದಂಥ ತಟ್ಟೆಯ ಅಡಿಯಲ್ಲಿ ಕಪ್ಪಗೆ ಏನೋ ಗಟ್ಟಿಯಾಗಿತ್ತು. ಸೂಜಿಯಿಂದ ಎಬ್ಬಿಸಿ ಅಂಗೈಯಲ್ಲಿಟ್ಟು ತೊಳೆದ. ಕಪ್ಪು ಹೋಗಿ ಹಳದಿ ಕಂಡಿತು.

ಅರಿಶಿನದ ದಾರ.

ಆ ವರ್ಷ ಆಯುಧಪೂಜೆಗೆ ರಿವಾಲ್ವರು ಇವನ ಅಂಗಡಿಯಲ್ಲೇ ಇತ್ತು. ಸುತ್ತಿಗೆ, ಅರ, ರಿಪೇರಿಗೆ ಬಂದ ಕೋವಿ, ಎಲ್ಲಕ್ಕೂ ಪಾಪಮ್ಮ ಅರಿಶಿನದ ದಾರ ಕಟ್ಟುತ್ತಿದ್ದಳು. ಎಸ್ಟೇಟಿನಲ್ಲಿ ಹೂವು ಏರಿಸುತ್ತಾರೆ, ದಾರ ಕಟ್ಟುವ ಪದ್ಧತಿಯಿಲ್ಲ. ಮರುದಿನ ಬೆಳಿಗ್ಗೆ ಜೀಪು ಬಂದು ನಿಂತಿತ್ತು. ಅವಸರಕ್ಕೆ ಇವನು ಗಂಟು ಬಿಚ್ಚದೆ ದಾರವನ್ನು ಎಳೆದು ಕಿತ್ತಿದ್ದ. ಒಂದು ತುಂಡು ಒಳಗೇ ಉಳಿದುಬಿಟ್ಟಿತ್ತು.

ಬೆಳ್ಳಿಯಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಪ್ಪತ್ತೆರಡು ವರ್ಷ ಅವನು ಹಾಕಿದ ಶಾಪವೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಪಾಪಮ್ಮ ಕಾಫಿ ಕುಕ್ಕೆ ಹೊತ್ತಿದ್ದು ಇವನ ಅವಸರಕ್ಕೆ.

ಎಲ್ಲ ಮತ್ತೆ ಜೋಡಿಸಿಟ್ಟ ಮೇಲೆ ರಾಜೀವ್ ಬಂದು ಒತ್ತಿ ನೋಡಿದ. ಸಿಲಿಂಡರ್ ಬೆರಳು ತಾಗಿದ್ದೇ ತಡ ತೆರೆದುಕೊಂಡಿತು. ಅವನು ಅದನ್ನು ಮುಚ್ಚುತ್ತಾ ಹೇಳಿದ: "ಬೆಳ್ಳಿಯಪ್ಪಣ್ಣ, ಅಪ್ಪ ಒಂದು ಮಾತು ಹೇಳಿ ಕಳ್ಸಿದಾರೆ. ಅವತ್ತು ಗಾಬರೀಲಿ ನಾನೇ ಏನೋ ತಪ್ಪು ಒತ್ತಿರ್ಬೇಕು, ಸುಮ್ನೆ ಅವನ ಹೆಸ್ರು ಕೆಡಿಸ್ದೆ, ಕ್ಷಮೆ ಕೇಳು ಅಂದ್ರು. ಏನಾಗಿತ್ತು ಒಳಗೆ?"

ಕಾದಿದ್ದ ಮಾತು ಬಂದೇಬಿಟ್ಟಿತ್ತು. ಬೆಳ್ಳಿಯಪ್ಪ ದಾರದ ತುಂಡಿದ್ದ ಬಲಗೈಯನ್ನು ಮುಚ್ಚಿದ.

"ತುಕ್ಕು," ಎಂದ.

ರಾಜೀವ್ ಹೊರಗೆ ನಿಂತು ಎದುರಿನ ಚಹಾ ಅಂಗಡಿಯವರಿಗೂ ಬರೀ ತುಕ್ಕಂತೆ, ತಪ್ಪು ಬೆಳ್ಳಿಯಪ್ಪಣ್ಣಂದಲ್ಲ ಎಂದು ಹೇಳಿ ಹೋದ. ಅಲ್ಲಿ ಕುಳಿತಿದ್ದ ಮಾರಯ್ಯ ಎರಡು ಲೋಟ ಚಹಾ ಹಿಡಿದು, ಕುಂಟುತ್ತಾ ರಸ್ತೆ ದಾಟಿ ಬಂದ. ಅವನ ಮುಖ ಅರಳಿತ್ತು.

"ನಿಮ್ಮ ತಪ್ಪಲ್ಲ ಅಂತ ನಂಗವತ್ತೇ ಗೊತ್ತಿತ್ತು ಮಾರಾಯ್ರೆ. ಆಸ್ಪತ್ರೆಲಿ ಮಲಗಿದ್ದಾಗ್ಲೂ ಅದ್ನೇ ಹೇಳ್ದೆ. ಯಾರೂ ಕೇಳ್ಲಿಲ್ಲ."

ಬೆಳ್ಳಿಯಪ್ಪ ಎಡಗೈಯಲ್ಲಿ ಲೋಟ ತೆಗೆದುಕೊಂಡ. ಬಲಗೈ ಮುಷ್ಟಿ ಬಿಚ್ಚಲಿಲ್ಲ.