ಮಗ್ಗದ ಸದ್ದಿನಲ್ಲಿ ಆಡಿದ ಆಟ

ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಆ ಸದ್ದಿನಲ್ಲಿ, ಟಿ.ವಿ.ಗೆ ಜೋಡಿಸಿದ್ದ ಕಂಪ್ಯೂಟರಿನ ಆಟಗಳೆಲ್ಲ ಮೂಕವೆಂದೇ ನಾನೂ ಅಣ್ಣನೂ ನಂಬಿದ್ದೆವು. ನಾನು ಆಡುವಾಗ ಅವನು ಮಗ್ಗದ ತಾಳಕ್ಕೆ ತಾನೇ ಹಾಡು ಕಟ್ಟಿ, ಗಂಟಲು ಹರಿಯುವಂತೆ ಹಾಡುತ್ತಿದ್ದ.

ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಮಗ್ಗಗಳನ್ನೂ ಮಾರಿದೆವು. ಆ ಹಳೆಯ ಕಂಪ್ಯೂಟರಿನ ಮಾದರಿಯನ್ನೇ ಈಗ ಕಂಪನಿಯವರು ಅಂಗೈಯಗಲ ಮಾಡಿ ಮತ್ತೆ ಮಾರುತ್ತಾರೆ. ಮೊನ್ನೆ ಒಂದು ತರಿಸಿದೆ. ಹಳೆಯ ಆಟ ಹಚ್ಚಿದೊಡನೆ ಸಂಗೀತ ಕೇಳಿಸಿತು. ನನಗೆ ಸಿಟ್ಟೇ ಬಂತು.

ಅಡುಗೆಮನೆಯಿಂದ ಅವ್ವ, ಮಗ್ಗಗಳು ಇನ್ನೂ ಓಡುತ್ತಿವೆಯೇನೋ ಎಂಬಷ್ಟು ದೊಡ್ಡ ದನಿಯಲ್ಲಿ ಕೇಳಿದಳು: “ಏನ ಹಚ್ಚೀಯೋ ಅದು?”

“ನಾವು ಸಣ್ಣಾವರಿದ್ದಾಗ ಆಡತಿದ್ದ ಆಟ ಬೇ. ಇದಕ್ಕ ಹಾಡ ಇತ್ತು, ನೋಡು.”

ಅವಳು ಬಾಗಿಲಿಗೆ ಬಂದು ನಿಂತು ಸ್ವಲ್ಪ ಹೊತ್ತು ಕೇಳಿದಳು.

“ಇದರ ಹಾಡು ಇದಲ್ಲೋ,” ಎಂದಳು.