ಬೋರ್ಡಿನ ಮೇಲಿನ ಬೆನ್ನು

ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದದ್ದೇ ಮದುವೆಯಾದ ಮೇಲೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿಕೊಂಡು ಬರೆಯುತ್ತಿದ್ದೇನೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಹೆಂಡತಿಗೆ ಉಪ್ಸಾಲಾದ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ನಾನು ಸ್ವೀಡಿಷ್ ಕ್ಲಾಸಿಗೆ ಹೋಗುತ್ತೇನೆ. ಹೋದ ವಾರ ಟೀಚರ್ ನಮ್ಮನ್ನೆಲ್ಲ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ನೂರು ವರ್ಷದ ಹಿಂದಿನ ಫ್ಯಾಷನ್ ಚಿತ್ರಗಳು. ಆಗ ಹೊಸ ಬಟ್ಟೆ ಹೇಗಿದೆ ಎಂದು ಪತ್ರಿಕೆಗಳಲ್ಲಿ ತೋರಿಸಲು ಫೋಟೊಗಿಂತ ಹೆಚ್ಚಾಗಿ ಕಲಾವಿದರ ಚಿತ್ರವನ್ನೇ ಹಾಕುತ್ತಿದ್ದರಂತೆ. ಉದ್ದ ಕತ್ತು, ಪುಟ್ಟ ಪಾದ, ನಾಲ್ಕೇ ಗೆರೆಯಲ್ಲಿ ರೇಷ್ಮೆ ಜಾರುವುದು ಕಾಣಬೇಕು. ಒಂದರಲ್ಲಿ ಹೆಂಗಸು ನಮಗೆ ಬೆನ್ನು ಮಾಡಿ ನಿಂತಿದ್ದಳು. ಮುಖವೇ ಇಲ್ಲ. ಮೂಲೆಯಲ್ಲಿ ಸಹಿ.

"ಈ ಸಹಿ ಒಬ್ಬ ಹೆಂಗಸಿನದು. ಆಗ ಈ ಕೆಲಸ ಮಾಡುವ ಹೆಂಗಸರೂ ಇದ್ದರು" ಎಂದರು ಟೀಚರ್.

ಆಮೇಲೆ ಎಲ್ಲರೂ ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಗೆ, ಕೂತರು. ನಾನು ಮತ್ತೆ ಆ ಚಿತ್ರದ ಹತ್ತಿರ ಹೋಗಿ ಫೋಟೊ ತೆಗೆದುಕೊಂಡೆ.

ನಾನು ಚಿಕ್ಕವನಿದ್ದಾಗ ನಮ್ಮ ಹೊಸದುರ್ಗದಲ್ಲಿ ಟೈಲರ್ ಅಂಗಡಿ ಎಂದರೆ ಬೋರ್ಡೇ ಮುಖ್ಯ. ನಮ್ಮಮ್ಮನ ತಮ್ಮ ಶಿವಣ್ಣ ಮಾವನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಒಳಗೆ ಇಸ್ತ್ರಿಪೆಟ್ಟಿಗೆಯ ಇದ್ದಿಲ ವಾಸನೆ, ಪಕ್ಕದಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ. ಒಂದು ವರ್ಷ ಗೌರಿ ಹಬ್ಬ ಹತ್ತಿರ ಬಂದಿತ್ತು. ಅದೇ ಸಾಲಿನಲ್ಲಿ ಇನ್ನೊಂದು ಟೈಲರ್ ಅಂಗಡಿ ತೆರೆದು ಮಾವನ ಗಿರಾಕಿಗಳೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಆಗ ಬೋರ್ಡಿಗೆ ಚಿತ್ರ ಬರೆದವಳು ನಮ್ಮಕ್ಕ ಸುನಂದಾ.

ಅಕ್ಕ ಟೈಲರ್ ಚಾಕಿನಲ್ಲಿ ನೆಲದ ಮೇಲೆಲ್ಲ ರವಿಕೆ ಬರೆಯುತ್ತಿದ್ದಳು. ನಮ್ಮ ಮನೆ ಹಿತ್ತಲಲ್ಲಿ ಬೋರ್ಡಿಗೆ ನೀಲಿ ಬಳಿದು, ಒಬ್ಬ ಹೆಂಗಸನ್ನು ಬೆನ್ನು ತಿರುಗಿಸಿ ನಿಲ್ಲಿಸಿದಳು. ತುರುಬು ಮೇಲೆತ್ತಿ ಕಟ್ಟಿದ್ದು, ಕೆಳಗೆ ರವಿಕೆಯ ಎಲೆಯಾಕಾರದ ಕತ್ತು, ಎರಡು ಲಾಡಿ. ನಾನು ತೆಂಗಿನ ಚಿಪ್ಪಿನಲ್ಲಿ ಬಣ್ಣ ಕಲಸಿಕೊಡುತ್ತಿದ್ದೆ. ಟರ್ಪಂಟೈನ್ ವಾಸನೆಗೆ ತಲೆ ಗಿಮ್ಮೆನ್ನುತ್ತಿತ್ತು.

"ಮುಖ ಯಾಕಕ್ಕ ಬರೀಲಿಲ್ಲ?" ಎಂದೆ.

"ಮುಖ ಬರೆದ್ರೆ ಯಾರ್ ತರ ಅವಳೆ ಅಂತ ನೋಡ್ತಾರೆ. ಬೆನ್ನು ಬರೆದ್ರೆ ಬ್ಲೌಸ್ ನೋಡ್ತಾರೆ ಕಣೋ."

ಕೊನೆಗೆ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಸಣ್ಣಗೆ 'ಸುನಂದಾ' ಎಂದು ಬರೆದಳು. ಬೋರ್ಡು ಎತ್ತಲು ಬಂದ ಮಾವ ಅದನ್ನು ನೋಡಿದ.

"ಇದೇನವ್ವ ಇದು?"

"ಬರೆದೋರ ಹೆಸರು ಹಾಕ್ತಾರಲ್ಲ ಮಾವ."

"ಬಸ್ ಸ್ಟ್ಯಾಂಡಲ್ಲಿ ಮನೆ ಹೆಣ್ಮಗಳ ಹೆಸರು ನೇತಾಕ್ತಾರೇನವ್ವ? ನಾಳೆ ಗಂಡಿನ ಕಡೆಯೋರು ಬಸ್ಸಿಳಿದ್ರೆ ಮೊದ್ಲು ಓದೋದೇ ಇದನ್ನ."

ಅಕ್ಕ, ಅಲ್ಲೇ ಅಕ್ಕಿ ಕೇರುತ್ತಿದ್ದ ಅಮ್ಮನ ಕಡೆ ನೋಡಿದಳು. "ಮಾವ ನಿನ್ ಒಳ್ಳೇದಕ್ಕೇ ಹೇಳ್ತಾನೆ" ಎಂದು ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾವ ಬ್ರಷ್ಷನ್ನು ಅವಳ ಕೈಗೇ ಕೊಟ್ಟ. "ನೀನೇ ಅಳಿಸು. ನನ್ ಕೈ ನಡುಗ್ತದೆ, ಬಣ್ಣ ಕೆಡ್ತದೆ."

ಅಕ್ಕ ಒಂದೊಂದೇ ಅಕ್ಷರದ ಮೇಲೆ ನೀಲಿ ಬಳಿದಳು. ಅಲ್ಲೊಂದು ಹೆಸರಿತ್ತು ಎಂದು ಯಾರಿಗೂ ತಿಳಿಯದಷ್ಟು ಚೆನ್ನಾಗಿ ಬಳಿದಳು. ಮಾವ ಸ್ವಲ್ಪ ಹೊತ್ತು ನೋಡಿ, "ಬೋಳಾಗಿ ಕಾಣ್ತದೆ. ಅಲ್ಲಿ 'ಆರ್ಟ್: ಶಿವು' ಅಂತ ಹಾಕು" ಎಂದ. ಅದನ್ನೂ ಅವಳೇ ಬರೆದಳು. ಮಾವನ ಅಕ್ಷರ ಸೊಟ್ಟ.

ಹಬ್ಬಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಶಿವಣ್ಣ, ಆ ಬೋರ್ಡಿನಾಕೆ ಬೆನ್ನು ನಂಗೂ ಬೇಕು" ಎಂದಳು ಬಳೆ ಅಂಗಡಿಯಾಕೆ.

"ಬೆನ್ನು ದೇವ್ರು ಕೊಡೋದು ಕಣಕ್ಕ. ನಾನು ಬ್ಲೌಸ್ ಮಾತ್ರ ಹೊಲಿಯೋದು."

ಎಲ್ಲರೂ ನಕ್ಕರು. ಗುಂಡಿ ಹೊಲಿಯುತ್ತ ಕೂತಿದ್ದ ಅಕ್ಕನೂ ನಕ್ಕಳು. ಆಮೇಲೆ ಊರಿಗೆಲ್ಲ ಮಾವ ಆರ್ಟಿಸ್ಟ್ ಶಿವಣ್ಣ ಆದ. ಬೇರೆ ಅಂಗಡಿಯವರೂ ಬೋರ್ಡು ತಂದರು. ಅಕ್ಕ ಹಿತ್ತಲಲ್ಲಿ ಕೂತು ಬರೆದಳು, ಮಾವ ಹಾರ ಹಾಕಿಸಿಕೊಂಡ. ಅವಳನ್ನು ಹಿರಿಯೂರಿಗೆ ಮದುವೆ ಮಾಡಿಕೊಟ್ಟ ಮೇಲೆ, "ಕಣ್ಣು ಮಂಜಾಯ್ತು, ಇನ್ನು ಆಗಲ್ಲ" ಎಂದು ಮಾವ ಬೋರ್ಡು ಬರೆಯುವುದನ್ನು ಬಿಟ್ಟ. ಜನ ಅಯ್ಯೋ ಎಂದರು. ಹಿರಿಯೂರಿನಲ್ಲಿ ಅಕ್ಕನ ಕೈಗೆ ಯಾರೂ ಬ್ರಷ್ ಕೊಡಲಿಲ್ಲ.

ಪ್ರದರ್ಶನದಿಂದ ಬಸ್ಸಿನಲ್ಲಿ ಬರುತ್ತ ಆ ಚಿತ್ರದ ಫೋಟೊ ಅಕ್ಕನಿಗೆ ಕಳಿಸಿ ಫೋನ್ ಮಾಡಿದೆ.

"ನೋಡಕ್ಕ, ನಿನ್ ಬೋರ್ಡಿನ ಹಾಗೇ ಐತೆ."

"ಹೌದಲ್ಲೋ. ಮಾವನ ಕೈ ಎಷ್ಟು ಚೆನ್ನಾಗಿತ್ತು."

"ಮಾವ ಅಲ್ಲಕ್ಕ, ನೀನು ಬರೆದದ್ದು."

"ನಾನಾ? ಹೋಗೋ. ಆರ್ಟ್ ಶಿವು ಅಂತಿರಲಿಲ್ವಾ? ನಾನು ಬಣ್ಣ ಕಲಸಿಕೊಡ್ತಿದ್ದೆ ಅಷ್ಟೆ."

ಅವಳು ನಾಟಕ ಮಾಡುತ್ತಿರಲಿಲ್ಲ. ಮೊಮ್ಮಗು ಅಳುತ್ತಿದೆ ಎಂದು ಫೋನ್ ಇಟ್ಟಳು.

ಮಾವ ಈಗಿಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಅದಕ್ಕೆಲ್ಲ ನನಗೆ ಅಷ್ಟು ದುಃಖವಿಲ್ಲ. ಆ ಹೆಸರು ಹೋದದ್ದು ಬೋರ್ಡಿನಿಂದ ಮಾತ್ರ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ನಿಮ್ಮ ಮನೆಯಲ್ಲೂ ಹೀಗೆ ಬರೆದವರು, ಹೊಲಿದವರು ಇದ್ದರೆ ಕೆಳಗೆ ತಿಳಿಸಿ. ಅವರು ತಾವಲ್ಲ ಅಂದರೂ ಹೆಸರು ಹಾಕಿ.